ಕೇಳುವ ಬಗೆಯಲ್ಲೇ ಇದೆ ಉತ್ತರ

ಕಳೆದ ವರ್ಷ ನಮ್ಮ ಕೆಸರೆಯ ಬೀದಿಗೆ ಎಂ.ಎಸ್.ಡಬ್ಲ್ಯು. ಓದುವ ಹುಡುಗಿಯೊಬ್ಬಳು ಬರುತ್ತಿದ್ದಳು. ಊದುಬತ್ತಿ ಹೊಸೆಯುತ್ತಾ ಕೂತ ಹೆಂಗಸರನ್ನು ಮಾತಾಡಿಸುವಳು. ಆಮೇಲೆ ನಮ್ಮ ಜಗಲಿಗೆ ಬಂದು ಒಂದೇ ಸಮನೆ ಬರೆಯುವಳು. "ಏನಮ್ಮಾ ಅಷ್ಟೊಂದು ಬರೀತೀಯ?" ಅಂತ ಕೇಳಿಯೇಬಿಟ್ಟೆ.

"ಅವರೇನಂದ್ರು, ನಾನೇನಂದೆ, ಆಗ ನನ್ನ ಮನಸ್ಸಿಗೆ ಏನನ್ನಿಸ್ತು, ಎಲ್ಲಾ ಬರೀಬೇಕು ಆಂಟಿ. ನಾನೆಲ್ಲಿ ಎಡವಿದೆ ಅಂತ ನಮ್ಮ ಮೇಡಂ ತೋರಿಸ್ತಾರೆ" ಅಂದಳು. ಯಾರ ಹೆಸರನ್ನೂ ಬರೆಯೋ ಹಾಗಿಲ್ಲವಂತೆ.

ಮಾತಾಡೋದನ್ನೂ ಓದಿ ಕಲೀಬೇಕೇ ಅಂತ ನನಗೆ ನಗು ಬಂತು. ಆಗ ಅವಳು, ಊರು ಹೆಸರು ಹೇಳದೆ, ತಾನು ಎಡವಿದ್ದನ್ನು ಹೇಳಿದಳು. ಒಬ್ಬಾಕೆಯನ್ನು ಮೊದಲ ಭೇಟಿಯಲ್ಲೇ, ಅತ್ತೆ ಅಲ್ಲೇ ಇರುವಾಗ, "ನಿಮ್ಮ ಯಜಮಾನರು ಹೊಡೀತಾರಾ?" ಅಂತ ಕೇಳಿದ್ದಳಂತೆ. "ಇಲ್ಲಮ್ಮ" ಅಂದಳಂತೆ ಆಕೆ. ಅಲ್ಲಿ ಆ ಪ್ರಶ್ನೆಗೆ ಬೇರೆ ಉತ್ತರವೇ ಇರಲಿಲ್ಲ ಅನ್ನೋದು, ಬರೆದದ್ದನ್ನು ಓದಿದಾಗಲೇ ತಿಳಿದದ್ದು. ಮುಂದಿನ ಸಲ ಆಕೆ ಒಬ್ಬಳೇ ಇದ್ದಾಗ "ರಾತ್ರಿ ನಿದ್ದೆ ಬರುತ್ತಾ ಅಕ್ಕಾ?" ಅಂತ ಕೇಳಿ ಸುಮ್ಮನೆ ಕೂತಳಂತೆ. ಸ್ವಲ್ಪ ಹೊತ್ತಾದ ಮೇಲೆ ಆಕೆ ತಾನಾಗಿಯೇ ಬಾಯಿಬಿಟ್ಟಳು.

ಇಂಥ ಮಾತುಕತೆಯನ್ನು ದೊಡ್ಡವರೂ ಅಧ್ಯಯನ ಮಾಡಿದ್ದಾರೆ. ಅಮೆರಿಕದ ಕಾರ್ಲ್ ರೋಜರ್ಸ್, ಸಲಹೆಗಾರ ಮತ್ತು ನೊಂದವನ ಮಾತುಕತೆಯನ್ನು ಧ್ವನಿಮುದ್ರಿಸಿ, 1942ರ ತಮ್ಮ ಪುಸ್ತಕದಲ್ಲಿ ಇದ್ದದ್ದಿದ್ದಂತೆ ಅಚ್ಚು ಹಾಕಿಸಿದರು. ಅದೇ ದೇಶದ ಹಾರ್ವಿ ಸ್ಯಾಕ್ಸ್ 1963-64ರಲ್ಲಿ ಲಾಸ್ ಏಂಜಲೀಸಿನ ಆತ್ಮಹತ್ಯೆ ಅಧ್ಯಯನ ಕೇಂದ್ರದಲ್ಲಿದ್ದರು. ಸಂಕಟದಲ್ಲಿದ್ದವರು ಆಸ್ಪತ್ರೆಗೆ ಮಾಡಿದ ಫೋನ್ ಕರೆಗಳನ್ನು ಅವರು ಸಾಲುಸಾಲಾಗಿ ನೋಡಿದರು. ಫೋನೆತ್ತಿದವರು ತಮ್ಮ ಹೆಸರು ಹೇಳಿದರೆ, ಕರೆ ಮಾಡಿದವರೂ ಸಾಮಾನ್ಯವಾಗಿ ಹೆಸರು ಹೇಳುತ್ತಿದ್ದರು. ಒಬ್ಬರು ಮಾತ್ರ "ಕೇಳಿಸ್ತಿಲ್ಲ" ಅಂದರು. ಅವರು ಮತ್ತೆ ಹೇಳುವಷ್ಟರಲ್ಲಿ ಇವರು ಹೆಸರು ಹೇಳಬೇಕಾದ ಸರದಿ ಜಾರಿಹೋಯಿತು! ಅದು ಕಿವಿಯ ದೋಷವಲ್ಲ, ಹೆಸರು ಹೇಳದೆ ತಪ್ಪಿಸಿಕೊಳ್ಳುವ ದಾರಿ. ಒಂದು ಸಣ್ಣ ಮಾತಿನ ಹಿಂದೆ ಎಷ್ಟಿರುತ್ತೆ ನೋಡಿ.

ಇದನ್ನು ಕೇಳಿದ ರಾತ್ರಿ ನನಗೆ ನಿದ್ದೆ ಹತ್ತಲಿಲ್ಲ. ವರ್ಷಗಳ ಹಿಂದೆ ಪಕ್ಕದ ಮನೆಯಾಕೆ ಹೆಪ್ಪು ಕೇಳಿಕೊಂಡು ಬಂದಿದ್ದಳು. ಕಣ್ಣು ಕೆಂಪಗಿತ್ತು. ಲೋಟ ಹಿಡಿದು ಬಾಗಿಲಲ್ಲೇ ನಿಂತಿದ್ದಳು. ನಾನು ಏನೂ ಕೇಳಲಿಲ್ಲ. "ಎಲ್ಲರ ಮನೆ ದೋಸೆನೂ ತೂತೇ ಕಣೆ, ಹೊಂದ್ಕೊಂಡು ಹೋಗು" ಅಂದುಬಿಟ್ಟೆ. ಅವಳು ನಕ್ಕು ಹೊರಟುಹೋದಳು. ತಿಂಗಳೊಳಗೆ ಮಗುವನ್ನೆತ್ತಿಕೊಂಡು ಯಾರಿಗೂ ಹೇಳದೆ ತವರಿಗೆ ಹೋದಳು. ಬುದ್ಧಿ ಹೇಳಿದೆ ಅಂದುಕೊಂಡಿದ್ದೆ, ಅವಳ ಬಾಯಿ ಮುಚ್ಚಿಸಿದ್ದೆ.

ಸೋದರಿಯರೇ, ನಾವು ಸಮಾಜಕಾರ್ಯ ಓದಿದವರಲ್ಲ, ನಿಜ. ಆದರೆ ನೊಂದವಳು ಮೊದಲು ಬರೋದು ಕಚೇರಿಗಲ್ಲ, ನಮ್ಮ ಅಡುಗೆಮನೆ ಬಾಗಿಲಿಗೆ. ಅವಳೊಬ್ಬಳೇ ಇರುವಾಗ ಕೇಳಿ. "ಹೌದು", "ಇಲ್ಲ" ಅಂದು ಮುಗಿಸುವಂಥ ಪ್ರಶ್ನೆ ಬೇಡ. ಕೇಳಿದ ಮೇಲೆ ಸುಮ್ಮನಿರಿ. ಆ ಮೌನ ತುಂಬಿಸಲು ಅವಸರಪಡಬೇಡಿ. ಹೇಳಿದ್ದು ನಿಮ್ಮಲ್ಲೇ ಇರಲಿ. ಕೌಟುಂಬಿಕ ಹಿಂಸೆಯಿಂದ ರಕ್ಷಣೆಗೆ 2005ರ ಕಾಯಿದೆ ಇದೆ, ಮಹಿಳಾ ಸಹಾಯವಾಣಿ 181 ಇದೆ ಅಂತ ತಿಳಿಸಿ. ಮುಂದಿನದನ್ನು ಅವಳೇ ನಿರ್ಧರಿಸಲಿ.

ಈಗ ಯಾರಾದರೂ ಹೆಪ್ಪು ಕೇಳಿ ಬಂದರೆ ನಾನು ಮೊದಲು ಮಣೆ ಹಾಕುತ್ತೇನೆ. ಹೆಪ್ಪು ಆಮೇಲೆ.