ಜವಾರಿ ಔಷಧ, ಗುಳಿಗೆಯ ಜತೆ

ಕುಷ್ಟಗಿ, ಯಲಬುರ್ಗಾ ಕಡೆಯ ಸಂತೆಗಳಲ್ಲಿ ತಾಡಪಾಲು ಹಾಸಿ ಕೂತ ಗಿಡಮೂಲಿಕೆಯವರ ಮುಂದೆ ನೇರಳೆ ಬೀಜ, ಹೊನ್ನೆ ಚಕ್ಕೆ, ಮಧುನಾಶಿನಿ ಎಲೆ ಇದ್ದರೆ ನೋಡಿದವರಿಗೆ ಗುರುತು ಸಿಗುತ್ತದೆ. ಗುರುತು ಸಿಗದ್ದು ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿಟ್ಟ ಕಂದು ಪುಡಿ. ಅದರ ಮೇಲೆ ಹೆಸರಿಲ್ಲ, ಮಾಡಿದವರ ವಿಳಾಸವಿಲ್ಲ, ತಾರೀಖಿಲ್ಲ. “ಮೂರು ತಿಂಗಳು ತಗೋರಿ, ಶುಗರ್ ಬುಡಸಮೇತ ಹೋಗ್ತದ, ಗುಳಿಗಿ ಬಿಟ್ಬಿಡ್ರಿ” ಎನ್ನುವ ಸಲಹೆ ಮಾತ್ರ ಪುಕ್ಕಟೆ.

ಬೇರು-ನಾರಿನಲ್ಲಿ ಗುಣವಿಲ್ಲ ಎಂದಲ್ಲ. ಸಕ್ಕರೆ ಕಾಯಿಲೆಗೆ ವೈದ್ಯರು ಮೊದಲು ಬರೆಯುವ ಮೆಟ್‌ಫಾರ್ಮಿನ್‌ನ ಮೂಲವೂ ಯುರೋಪಿನ ಒಂದು ಗಿಡವೇ. ತೊಡಕಿರುವುದೂ ಆ ಗುಣದಲ್ಲೇ. ಇನ್ಸುಲಿನ್ನನ್ನೋ ಗ್ಲಿಮೆಪಿರೈಡ್ ಗುಳಿಗೆಯನ್ನೋ ತೆಗೆದುಕೊಳ್ಳುವವರು ಅದರ ಮೇಲೆ ಹಾಗಲ ರಸ, ಮಧುನಾಶಿನಿ ಕಷಾಯ ಕುಡಿದರೆ ಸಕ್ಕರೆ 70ಕ್ಕಿಂತ ಕೆಳಗೆ ಇಳಿಯಬಹುದು. ಬೆವರು, ನಡುಕ, ಕಣ್ಣಿಗೆ ಕತ್ತಲೆ. ಗಂಗಾವತಿಯ ಗದ್ದೆಯಲ್ಲಿ ಭತ್ತ ನಾಟಿ ಮಾಡುವಾಗ ಹೀಗಾದರೆ ಬಿಸಿಲಿನ ಸುಸ್ತೆಂದೇ ತಿಳಿಯುತ್ತಾರೆ. ಆಗ ಮೊದಲು ಬೇಕಾದದ್ದು ಮೂರು ಚಮಚ ಸಕ್ಕರೆ ಕದಡಿದ ನೀರು.

ನಾಲ್ಕೇ ದಿನಕ್ಕೆ ಶುಗರ್ ಇಳಿಸುವ ಪುಡಿಯ ಮೇಲೆ ನನಗೆ ಇನ್ನೂ ಹೆಚ್ಚು ಅನುಮಾನ. ಗಿಡಮೂಲಿಕೆ ಎಂದು ಮಾರಿದ ಔಷಧಗಳಲ್ಲಿ ಗ್ಲಿಬೆನ್‌ಕ್ಲಮೈಡ್ ಎಂಬ ಸಕ್ಕರೆ ಇಳಿಸುವ ಗುಳಿಗೆಯ ಮದ್ದು ಬೆರೆಸಿದ್ದು ಹಲವು ದೇಶಗಳಲ್ಲಿ ಪತ್ತೆಯಾಗಿದೆ. ಭಾರತ 2003ರಲ್ಲಿ ನಿಷೇಧಿಸಿದ ಫೆನ್‌ಫಾರ್ಮಿನ್ ಕೂಡ ಸಿಕ್ಕಿದೆ. ಮೂತ್ರಪಿಂಡ ಸೋತ ವಯಸ್ಸಾದವರಿಗೆ ಇವು ಪ್ರಾಣಕ್ಕೇ ಸಂಚಕಾರ.

ಮನೆಯಲ್ಲೇ ಹಿಂಡಿದ ರಸವಾದರೆ ಚಿಂತೆಯಿಲ್ಲವೇ? 2010ರಲ್ಲಿ ದೆಹಲಿಯ ವಿಜ್ಞಾನಿಯೊಬ್ಬರು ಸೋರೆ ಮತ್ತು ಹಾಗಲದ ರಸ ಬೆರೆಸಿ ಕುಡಿದು ತೀರಿಕೊಂಡರು. ಕಹಿಯಾದ ಸೋರೆ ವಿಷ; ಹಾಗಲ ಸೇರಿದ ಮೇಲೆ ಸೋರೆಯ ಕಹಿ ನಾಲಿಗೆಗೆ ತಿಳಿಯುವುದಾದರೂ ಹೇಗೆ?

ಮಧುಮೇಹ ವಾಸಿ ಮಾಡುತ್ತೇವೆಂದು ಜಾಹೀರಾತು ಕೊಡುವುದು 1954ರ ಕೇಂದ್ರ ಕಾಯ್ದೆಯಂತೆ ಅಪರಾಧ. ಕಾಯ್ದೆಯ ಪ್ರಕಾರ ಬಾಯಿಮಾತಿನ ಘೋಷಣೆಯೂ ಜಾಹೀರಾತೇ. ಸಂತೆಯ ಮೈಕಿಗೆ ಈ ಸುದ್ದಿ ಇನ್ನೂ ಮುಟ್ಟಿದಂತಿಲ್ಲ.

ಕೊಪ್ಪಳದಲ್ಲಿ ಸರ್ಕಾರಿ ವೈದ್ಯಕೀಯ ಕಾಲೇಜಿದೆ, ಗವಿಸಿದ್ಧೇಶ್ವರ ಆಯುರ್ವೇದ ಕಾಲೇಜೂ ಇದೆ. ಕಷಾಯ ಬೇಕೇ ಬೇಕೆನ್ನುವವರು ಕಲಿತ ವೈದ್ಯರ ಮುಂದೆ ಪುಡಿ, ಗುಳಿಗೆ ಎರಡನ್ನೂ ಇಟ್ಟು ಕೇಳಿ. ಇನ್ಸುಲಿನ್ ಮಾತ್ರ ಯಾರ ಮಾತಿಗೂ ನಿಮ್ಮಷ್ಟಕ್ಕೆ ನೀವೇ ನಿಲ್ಲಿಸಬೇಡಿ.