ಸ್ಟಿಲ್ಟ್ ಪಾರ್ಕಿಂಗಿನ ಲೆಟರ್ ಬಾಕ್ಸಿಗೆ ಎಂಥ ಬೀಗ?

ಹೈದರಾಬಾದಿನ ಬಹಳಷ್ಟು ಅಪಾರ್ಟ್‌ಮೆಂಟುಗಳಲ್ಲಿ ಲೆಟರ್ ಬಾಕ್ಸುಗಳ ಸಾಲು ಇರುವುದು ಸ್ಟಿಲ್ಟ್ ಪಾರ್ಕಿಂಗಿನಲ್ಲಿ, ಲಿಫ್ಟಿನ ಪಕ್ಕದಲ್ಲೋ ಕರೆಂಟ್ ಮೀಟರುಗಳ ಹತ್ತಿರವೋ. ಕೆಲವು ಬಾಗಿಲು ಜೋತುಬಿದ್ದಿರುತ್ತವೆ, ಕೆಲವಕ್ಕೆ ಬೀಗವೇ ಇರುವುದಿಲ್ಲ. ಈಗ ಕಾಗದ ಬರೆಯುವವರು ಯಾರು ಎಂದು ಕೇಳಬಹುದು. ಆದರೆ ಆಧಾರ್ ಪತ್ರ ಸಾದಾ ಅಂಚೆಯಲ್ಲೇ ಬರುತ್ತದೆ. ವಿಮೆ, ಷೇರು, ತೆರಿಗೆಯ ಕಾಗದಗಳೂ ಹಾಗೇ ಬರುವುದುಂಟು. ಸ್ಪೀಡ್ ಪೋಸ್ಟನ್ನು ಮನೆಬಾಗಿಲಲ್ಲಿ ಕೈಗೇ ಕೊಡುತ್ತಾರೆ. 2025ರಲ್ಲಿ ಹಳೆಯ ರಿಜಿಸ್ಟರ್ಡ್ ಪೋಸ್ಟ್ ಕೂಡ ಅದರೊಳಗೇ ಸೇರಿಹೋಯಿತು. ಉಳಿದದ್ದೆಲ್ಲ ಈ ತಗಡಿನ ಡಬ್ಬಿಗೆ ಬೀಳುತ್ತದೆ. ಹೆಸರು, ವಿಳಾಸ, ಪಾಲಿಸಿ ನಂಬರು ಎಲ್ಲ ಒಂದೇ ಲಕೋಟೆಯಲ್ಲಿ.

ಹಳೆಯ ಕಟ್ಟಡಗಳ ಪೆಟ್ಟಿಗೆಗಳಿಗೆ ಕೊಂಡಿ ಹಾಕಿ, ಪುಟ್ಟ ಅಲೀಗಢ ಬೀಗ ಜೋತುಬಿಟ್ಟಿರುತ್ತಾರೆ. ಅಲ್ಲಿ ಬೀಗ ಮುರಿಯುವ ಶ್ರಮವೇ ಬೇಡ. ಕೊಂಡಿಯ ಸ್ಕ್ರೂಗಳು ಹೊರಗೇ ಕಾಣುತ್ತಿದ್ದರೆ ಸ್ಕ್ರೂಡ್ರೈವರ್ ಒಂದಿದ್ದರೆ ಸಾಕು.

ಹೊಸ ಪೆಟ್ಟಿಗೆಗಳಲ್ಲಿ ಇರುವುದು ಹೆಚ್ಚಾಗಿ ಕ್ಯಾಮ್ ಲಾಕ್. ಮುಂದೆ ಕೀಲಿಕೈ ತೂರುವ ಉರುಳೆ, ಹಿಂದೆ ಅದರ ಬಾಲಕ್ಕೆ ಸ್ಕ್ರೂ ಹಾಕಿ ಬಿಗಿದ ಲೋಹದ ಪಟ್ಟಿ. ಆ ಪಟ್ಟಿಯೇ ಕ್ಯಾಮ್. ಕೀಲಿ ತಿರುಗಿಸಿದಾಗ ಅದು ಕಾಲು ಸುತ್ತು ಹೊರಳಿ ಚೌಕಟ್ಟಿನ ಹಿಂದೆ ಅಡ್ಡ ನಿಲ್ಲುತ್ತದೆ. ಉರುಳೆಯೊಳಗೆ ನಾಲ್ಕೈದು ತೆಳುವಾದ ಹಿತ್ತಾಳೆ ಬಿಲ್ಲೆಗಳಿವೆ. ಪ್ರತಿಯೊಂದರ ನಡುವೆ ಆಯತಾಕಾರದ ತೂತು, ಪಕ್ಕದಲ್ಲೊಂದು ಸ್ಪ್ರಿಂಗ್. ಕೀಲಿ ಇಲ್ಲದಾಗ ಸ್ಪ್ರಿಂಗುಗಳು ಬಿಲ್ಲೆಗಳನ್ನು ಹೊರಕ್ಕೆ ದಬ್ಬಿ ಹೊರಕವಚದ ಸೀಳಿಗೆ ಸಿಕ್ಕಿಸುತ್ತವೆ, ಉರುಳೆ ತಿರುಗುವುದಿಲ್ಲ. ಸರಿಯಾದ ಕೀಲಿಯ ಹಲ್ಲುಗಳು ಒಂದೊಂದು ಬಿಲ್ಲೆಯನ್ನೂ ಬೇಕಾದಷ್ಟೇ ಸರಿಸಿ ಉರುಳೆಯ ಮೈಮಟ್ಟಕ್ಕೆ ತರುತ್ತವೆ. ಒಂದು ಬಿಲ್ಲೆ ಹೊರಗುಳಿದರೂ ಬೀಗ ತೆರೆಯಬಾರದು. ತೆರೆಯಬಾರದು ಅಷ್ಟೆ, ಅಗ್ಗದ ಬೀಗದೊಳಗಿನ ಸಡಿಲಕ್ಕೆ ಸವೆದ ಇನ್ಯಾವುದೋ ಕೀಲಿ ಹಾಕಿ ಅಲ್ಲಾಡಿಸಿದರೆ ತೆರೆದುಕೊಳ್ಳುವುದೂ ಉಂಟು.

ಇನ್ನೊಂದು ಲೆಕ್ಕ ನೋಡಿ. ನಾಲ್ಕು ಬಿಲ್ಲೆ, ಒಂದೊಂದಕ್ಕೆ ನಾಲ್ಕು ಎತ್ತರ ಎಂದುಕೊಂಡರೆ ಒಟ್ಟು 256 ಬಗೆಯ ಕೀಲಿ. ದೊಡ್ಡ ಸಂಖ್ಯೆಯಂತೆ ಕಾಣುತ್ತದೆ. ಆದರೆ ಅದರೊಳಗಿಂದ ಮನಬಂದಂತೆ ಬೀಗ ಎತ್ತಿಕೊಂಡರೆ, 20 ಮನೆಗಳ ಕಟ್ಟಡದಲ್ಲಿ ಯಾವುದಾದರೂ ಎರಡು ಮನೆಗೆ ಒಂದೇ ಕೀಲಿ ಬರುವ ಸಂಭವ ಅರ್ಧಕ್ಕಿಂತ ಹೆಚ್ಚು. 50 ಮನೆಗಳಾದರೆ ಶೇ. 99 ದಾಟುತ್ತದೆ. ಕೀಲಿಯ ಮೇಲೆ, ಎಷ್ಟೋ ಸಲ ಬೀಗದ ಮುಖದ ಮೇಲೂ, ಅಚ್ಚೊತ್ತಿದ ಪುಟ್ಟ ನಂಬರು ಆ ಬಗೆಯ ಗುರುತು. ಬೀಗದ ಮುಖದಲ್ಲಿ ಅದಿದ್ದರೆ ಹಾದುಹೋಗುವವನೂ ಓದಿಕೊಂಡು ಅದೇ ನಂಬರಿನ ಕೀಲಿ ತರಿಸಬಹುದು. ಅಂಥ ಬೀಗ ಕೊಳ್ಳದಿರುವುದೇ ಮೇಲು. ಬಿಲ್ಲೆಗಳ ಬದಲು ಪಿನ್ನುಗಳಿರುವ ಪಿನ್ ಟಂಬ್ಲರ್ ಬಗೆಯ ಕ್ಯಾಮ್ ಲಾಕೂ ಸಿಗುತ್ತದೆ. ಬೆಲೆ ಸ್ವಲ್ಪ ಜಾಸ್ತಿ, ಅದರ ಕೀಲಿಗಳ ಬಗೆಯೂ ಸಾಮಾನ್ಯವಾಗಿ ಜಾಸ್ತಿ.

ಆದರೂ ಪೆಟ್ಟಿಗೆ ಸೋಲುವುದು ಬಹುಪಾಲು ಬೀಗದಿಂದಲ್ಲ, ತಗಡಿನಿಂದ. ಬಾಗಿಲ ಮೂಲೆಯನ್ನು ಬೆರಳಿನಿಂದ ಎಳೆದಾಗ ಬಾಗಿದರೆ ಕ್ಯಾಮ್ ಚೌಕಟ್ಟಿನಿಂದ ಜಾರುತ್ತದೆ. ಬೀಗದ ಮೈ ಎರಡು ಪಕ್ಕದಲ್ಲಿ ಚಪ್ಪಟೆ ಇರುವುದೇಕೆಂದರೆ ತೂತಿನಲ್ಲಿ ಅದು ಸುತ್ತಬಾರದು. ಫ್ಯಾಬ್ರಿಕೇಶನ್‌ನವರು ದುಂಡು ತೂತು ಕೊರೆದುಬಿಟ್ಟರೆ ಇಡೀ ಬೀಗವೇ ಕೀಲಿಯೊಂದಿಗೆ ಗಿರಗಿರ ತಿರುಗುತ್ತದೆ. ಕಾಗದ ಹಾಕುವ ಸೀಳಿನದು ಬೇರೆಯೇ ತಂಟೆ. ಅಗಲವಾದರೆ ಕೈ ತೂರುತ್ತದೆ, ಕಿರಿದಾದರೆ ಪೋಸ್ಟ್‌ಮ್ಯಾನ್ ಲಕೋಟೆಯನ್ನು ಅರ್ಧ ಹೊರಗೇ ಬಿಟ್ಟು ಹೋಗುತ್ತಾರೆ. ಯುರೋಪಿನ ಇಎನ್ 13724 ಮಾನಕ ಸೀಳಿನ ಎತ್ತರವನ್ನು 30ರಿಂದ 35 ಮಿಲಿಮೀಟರಿಗೆ ಕಟ್ಟಿಹಾಕಿದೆ. ನಮ್ಮ ಪೆಟ್ಟಿಗೆಗೂ ಅಷ್ಟು ಸಾಕು. ಒಳಗೆ ಕೆಳಮುಖವಾಗಿ ಓರೆಯಾದ ತಗಡೊಂದನ್ನು ಹಾಕಿಸಿದರೆ ಬೆರಳು ಕಾಗದದವರೆಗೆ ಇಳಿಯದು.

ನಮ್ಮಲ್ಲಿ ಪೋಸ್ಟ್‌ಮ್ಯಾನ್ ಕೈಯಲ್ಲಿ ಕೀಲಿ ಇರುವುದಿಲ್ಲ. ಸೀಳಿನಲ್ಲಿ ಹಾಕಿ ಹೋಗುತ್ತಾರೆ. ಅಮೆರಿಕದಲ್ಲಿರುವ ನಮ್ಮವರ ಅಪಾರ್ಟ್‌ಮೆಂಟುಗಳ ರೀತಿ ಬೇರೆ. ಅಲ್ಲಿ ಅಂಚೆಯವರು ‘ಆರೋ’ ಕೀಲಿಯಿಂದ ಇಡೀ ಫಲಕವನ್ನೇ ತೆರೆದು ಪ್ರತಿ ಗೂಡಿಗೂ ಕಾಗದ ತುಂಬುತ್ತಾರೆ. ಆ ಒಂದು ಕೀಲಿಗೆ ಸುತ್ತಮುತ್ತಲಿನ ಎಷ್ಟೋ ಫಲಕಗಳು ತೆರೆದುಕೊಳ್ಳುವುದರಿಂದ ಅದಕ್ಕಾಗಿಯೇ ಅಂಚೆಯವರನ್ನು ದೋಚುವುದು ಹೆಚ್ಚಾಯಿತು. 2023ರಲ್ಲಿ ಅಲ್ಲಿನ ಅಂಚೆ ಇಲಾಖೆ ಇಂಥ 49,000 ಬೀಗಗಳನ್ನು ಎಲೆಕ್ಟ್ರಾನಿಕ್ ಬೀಗಗಳಿಗೆ ಬದಲಿಸುವುದಾಗಿ ಪ್ರಕಟಿಸಿತು. ಆ ತಲೆನೋವು ನಮಗಿಲ್ಲ, ಆದರೆ ಅದನ್ನು ಕೈಯಾರೆ ತಂದುಕೊಳ್ಳುವವರಿದ್ದಾರೆ: ಅಸೋಸಿಯೇಶನ್ನಿನವರು ಎಲ್ಲ ಪೆಟ್ಟಿಗೆಗೂ ಒಂದೇ ಮಾಸ್ಟರ್ ಕೀ ಮಾಡಿಸಿ ವಾಚ್‌ಮನ್ ಕೋಣೆಯ ಮೊಳೆಗೆ ನೇತುಹಾಕಿರುತ್ತಾರೆ. ಯಾರಾದರೂ ಕೀಲಿ ಕಳೆದುಕೊಂಡಾಗ ಅನುಕೂಲ ಎಂಬ ವಾದ. ವರ್ಷಕ್ಕೊಮ್ಮೆ ಬರುವ ಆ ಅನುಕೂಲಕ್ಕೆ ಇದು ದುಬಾರಿ ಬೆಲೆ ಎನ್ನುತ್ತೇನೆ. ಒಂದು ಬೀಗ ಕಿತ್ತು ಹೊಸದು ಹಾಕಲು ಹತ್ತು ನಿಮಿಷ ಬೇಡ.

ಹನ್ನೊಂದು ತಿಂಗಳ ಕರಾರಿನ ಬಾಡಿಗೆ ಮನೆಗಳಲ್ಲಂತೂ ಬೀಗ ಬದಲಿಸುವುದೇ ಮೊದಲ ಕೆಲಸವಾಗಬೇಕು. ಹಿಂದಿನವರು ಒಂದು ಕೀಲಿ ಮರಳಿಸಿರಬಹುದು; ನಕಲು ಎಷ್ಟು ಮಾಡಿಸಿದ್ದರೋ ಯಾರಿಗೆ ಗೊತ್ತು? ಬಾಗಿಲು ತೆರೆದು, ಹಿಂದಿನ ಸ್ಕ್ರೂ ಬಿಚ್ಚಿ ಕ್ಯಾಮ್ ತೆಗೆಯಿರಿ, ಸ್ಪ್ಯಾನರಿನಿಂದ ನಟ್ ಸಡಿಲಿಸಿ, ಬೀಗ ಮುಂದಕ್ಕೆ ಬರುತ್ತದೆ. ಹಳೆಯದನ್ನು ಕ್ಯಾಮ್ ಸಮೇತ ರಾಣಿಗಂಜಿಗೋ ಟ್ರೂಪ್ ಬಜಾರಿಗೋ ಒಯ್ಯುವುದು ಜಾಣತನ, ಏಕೆಂದರೆ 16 ಮಿಲಿಮೀಟರಿನ ಬೀಗಕ್ಕೂ 20ರದಕ್ಕೂ ಕಣ್ಣಳತೆಯಲ್ಲಿ ಮೋಸಹೋಗುವುದು ಸುಲಭ. ಕೀಲಿ ಬಿಗಿಯಾದರೆ ಎಣ್ಣೆ ಬಿಡಬೇಡಿ. ಪಾರ್ಕಿಂಗಿನ ಧೂಳು ಅದಕ್ಕೆ ಅಂಟಿ ಬಿಲ್ಲೆಗಳು ಕಚ್ಚಿಕೊಳ್ಳುತ್ತವೆ. ಗ್ರಾಫೈಟ್ ಪುಡಿ ಹಾಕಿ, ಇಲ್ಲದಿದ್ದರೆ ಪೆನ್ಸಿಲಿನ ಸೀಸವನ್ನು ಕೀಲಿಗೆ ಉಜ್ಜಿ ನಾಲ್ಕು ಸಲ ತಿರುಗಿಸಿ. ಇಡೀ ಕಟ್ಟಡಕ್ಕೆ ಒಟ್ಟಿಗೆ ಕೊಳ್ಳುವವರು ಅಂಗಡಿಯಲ್ಲೇ ಪೊಟ್ಟಣ ಬಿಡಿಸಿ ನಂಬರುಗಳನ್ನು ಜೋಡಿಸಿ ನೋಡಲಿ, ಒಂದೇ ನಂಬರಿನವು ಸಿಕ್ಕರೆ ಅಲ್ಲೇ ಬದಲಿಸಿಕೊಳ್ಳಲಿ.