ಹೊಲದಡಿಯ ಕಲ್ಲು, ನಮ್ಮ ಮನೆಯ ನೆಲ

ಈ ಪುಟವನ್ನು ಓದುತ್ತಿರುವ ನೀವು ನಿಮ್ಮ ಕಾಲ ಕೆಳಗಿನ ನೆಲವನ್ನು ಒಮ್ಮೆ ನೋಡಿಕೊಳ್ಳಿ. ಮೊಸಾಯಿಕ್ ಇರಬಹುದು, ರೆಡ್ ಆಕ್ಸೈಡ್ ಇರಬಹುದು, ಮುಖ ಕಾಣುವಷ್ಟು ಹೊಳೆಯುವ ಟೈಲ್ಸ್ ಇರಬಹುದು. ಬೂದು ಬಣ್ಣದ, ತಣ್ಣಗಿನ, ಅಲ್ಲಲ್ಲಿ ಸಣ್ಣ ಏರಿಳಿತವಿರುವ ಕಲ್ಲಿನ ಹಾಸಾಗಿದ್ದರೆ ಅದು ಬಹುತೇಕ ನಮ್ಮ ಕಡೆಯಿಂದ ಬಂದದ್ದು. ಕಲಬುರಗಿ ಜಿಲ್ಲೆಯಲ್ಲಿ ಅದಕ್ಕೆ ನಾವು ಫರಸಿ ಎನ್ನುತ್ತೇವೆ. ಮುಂಬಯಿ, ಪುಣೆ ಕಡೆಯವರು ನಮ್ಮ ಊರಿನ ಹೆಸರನ್ನೇ ಕಲ್ಲಿಗೆ ಇಟ್ಟು 'ಶಹಾಬಾದಿ' ಎಂದು ಕರೆಯುತ್ತಾರೆ. ಎಷ್ಟೋ ಮಸೀದಿಗಳ ಅಂಗಳ, ರೈಲು ನಿಲ್ದಾಣಗಳ ಪ್ಲಾಟ್‌ಫಾರ್ಮ್, ಅಜ್ಜಿಯರ ಕಾಲದ ಅಡುಗೆಮನೆಯ ಕಟ್ಟೆ, ಇವೆಲ್ಲ ಈ ಕಲ್ಲಿನವೇ.

ಎರಡು ವರ್ಷಗಳ ಹಿಂದೆ ಚಿತ್ತಾಪುರದಲ್ಲಿರುವ ನನ್ನ ಆಪಾ ಮನೆ ದುರಸ್ತಿಗೆ ಕೈ ಹಾಕಿದರು. ಮಗನ ನಿಕಾಹ್ ನಿಶ್ಚಯವಾಗಿತ್ತು. ಬರುವ ಸೊಸೆಯ ಮನೆಯವರು ನೋಡಿದರೆ ಏನೆಂದಾರು ಎಂಬ ಚಿಂತೆ ಆಕೆಗೆ. "ಈ ಹಳೇ ಫರಸಿ ಎಲ್ಲಾ ಕಿತ್ತು ಹಾಕಿಸಿ, ಬಿಳೀ ಟೈಲ್ಸ್ ಕೂಡಿಸೋಣ" ಎಂದು ದೂಲ್ಹಾ ಭಾಯಿಗೆ ಹೇಳಿ, ಅಂಗಡಿಗೆ ಹೋಗಿ ಡಿಸೈನ್ ಕೂಡ ಆರಿಸಿ ಬಂದಿದ್ದರು. ಕೆಲಸಕ್ಕೆ ಬಂದ ಮಿಸ್ತ್ರಿ ವಯಸ್ಸಾದ ಮನುಷ್ಯ. ಮೂಲೆಯ ಒಂದು ಕಲ್ಲನ್ನು ಹಾರೆಯಿಂದ ಎಬ್ಬಿಸಿ, ತಿರುಗಿಸಿ, ಅಂಟಿದ್ದ ಗಾರೆಯನ್ನು ಕೆರೆದು, ನೀರು ಹಾಕಿ ಉಜ್ಜಿ ತೋರಿಸಿದರು. ಅಡಿಭಾಗ ಖಣಿಯಿಂದ ಆಗತಾನೇ ಬಂದಂತಿತ್ತು. "ಅಮ್ಮಾ, ನಲವತ್ತು ವರ್ಷ ಒಂದು ಮಗ್ಗುಲಲ್ಲಿ ಮಲಗಿದೆ. ಇನ್ನು ಮಗ್ಗುಲು ಬದಲಿಸಿದರೆ ಆಯ್ತು" ಎಂದರು.

ಆಪಾ ಮೊದಲು ಒಪ್ಪಲಿಲ್ಲ. ನಾನೂ ಆ ದಿನ ಅಲ್ಲೇ ಇದ್ದೆ. ಮಿಸ್ತ್ರಿಯ ಪರವಾಗಿ ಮಾತನಾಡಿ ಬೈಸಿಕೊಂಡದ್ದೂ ಆಯಿತು. ಕೊನೆಗೆ ದೂಲ್ಹಾ ಭಾಯಿ ಎರಡರ ಖರ್ಚನ್ನೂ ಕಾಗದದಲ್ಲಿ ಬರೆದು ಮುಂದಿಟ್ಟಾಗ ಮಾತು ಮುಗಿಯಿತು. ಕಲ್ಲುಗಳನ್ನು ತಿರುಗಿಸಿ ಕೂಡಿಸಿ, ಮೇಲೆ ಪಾಲಿಶ್ ಹಿಡಿಸಿದರು. ಹೊಸ ಸೊಸೆ ಬಂದ ಮೊದಲ ಬೇಸಿಗೆಯಲ್ಲೇ, ಹೊರಗೆ 44 ಡಿಗ್ರಿ ಬಿಸಿಲಿದ್ದ ಒಂದು ಮಧ್ಯಾಹ್ನ, ದಿಂಬು ತೆಗೆದುಕೊಂಡು ಬರೀ ನೆಲದ ಮೇಲೆ ಮಲಗಿದ್ದಳಂತೆ!

ಇದನ್ನು ಹಣ ಉಳಿದ ಕಥೆಯಾಗಿ ನಾನು ಹೇಳುತ್ತಿಲ್ಲ. ಆ ದಿನ ಕಿತ್ತುಹೋಗಬೇಕಿದ್ದ ಕಲ್ಲು ಎಲ್ಲಿಂದ ಬಂದಿತ್ತು, ಅದರ ಬದಲಿಗೆ ಬರಬೇಕಿದ್ದ ಟೈಲ್ಸ್ ಎಲ್ಲಿಂದ ಬರುತ್ತಿತ್ತು ಎಂದು ಯೋಚಿಸಿದ್ದೀರಾ? ನಮ್ಮ ದೇಶದ ಟೈಲ್ಸ್‌ಗಳಲ್ಲಿ ಬಹುಪಾಲು ತಯಾರಾಗುವುದು ಗುಜರಾತಿನ ಮೋರ್ಬಿಯಲ್ಲಿ. ಮಣ್ಣನ್ನು ಸುಮಾರು 1200 ಡಿಗ್ರಿ ಉಷ್ಣತೆಯಲ್ಲಿ ಸುಟ್ಟು, ಲಾರಿಗೆ ಏರಿಸಿ, ಸಾವಿರ ಕಿಲೋಮೀಟರಿಗೂ ಹೆಚ್ಚು ದೂರ ಸಾಗಿಸಿ ಚಿತ್ತಾಪುರಕ್ಕೆ ತರಬೇಕು. ಫರಸಿಯನ್ನು ಸುಡುವ ಅಗತ್ಯವೇ ಇಲ್ಲ. ಅದು ಭೂಮಿಯೊಳಗೆ ಪುಸ್ತಕದ ಹಾಳೆಗಳಂತೆ ಪದರ ಪದರವಾಗಿ ಮಲಗಿರುವ ಸುಣ್ಣದಕಲ್ಲು. ಉಳಿ, ಸುತ್ತಿಗೆ, ಹಾರೆ ಇದ್ದರೆ ಪದರ ಬಿಟ್ಟುಕೊಳ್ಳುತ್ತದೆ. ರಾಷ್ಟ್ರಕೂಟರ ರಾಜಧಾನಿಯಾಗಿದ್ದ ಮಳಖೇಡದಲ್ಲಿ, ಕಾಗಿಣಾ ನದಿಯ ದಂಡೆಯ ಕೋಟೆಯನ್ನು ಕಟ್ಟಿರುವುದೂ ಇದೇ ಕಲ್ಲಿನಿಂದ. ಅದು ಸೇಡಂ ತಾಲೂಕಿನಲ್ಲೇ ಇದೆ.

ಹಾಗಾದರೆ ಫರಸಿ ಕೊಂಡರೆ ಪರಿಸರಕ್ಕೆ ಏನೂ ಹಾನಿಯಿಲ್ಲವೇ? ಹಾಗೆ ಹೇಳಿದರೆ ನನ್ನ ಊರಿನವರೇ ನನ್ನನ್ನು ನಂಬಲಿಕ್ಕಿಲ್ಲ.

ಶಹಾಬಾದ್‌ನಿಂದ ವಾಡಿ ಕಡೆಗೆ, ಅಲ್ಲಿಂದ ಚಿತ್ತಾಪುರದ ಕಡೆಗೆ ಹೋಗುವಾಗ ರಸ್ತೆಯ ಇಕ್ಕೆಲಗಳಲ್ಲಿ ಒಡೆದ ಕಲ್ಲಿನ ಗುಡ್ಡೆಗಳನ್ನು ನೋಡುತ್ತೀರಿ. ಖಣಿಯಿಂದ ತೆಗೆದ ಕಲ್ಲೆಲ್ಲ ಮನೆಯ ನೆಲ ಸೇರುವುದಿಲ್ಲ. ಅಂಚು ಮುರಿದದ್ದು, ಬಣ್ಣ ಹೊಂದದ್ದು, ಅಳತೆಗೆ ಬಾರದ್ದು ಎಲ್ಲ ಅಲ್ಲೇ ಬೀಳುತ್ತದೆ. ಕೊಳ್ಳುವ ನಾವು "ಎಲ್ಲಾ ಒಂದೇ ಬಣ್ಣ ಇರಬೇಕು, ಎಲ್ಲಾ ದೊಡ್ಡ ಸೈಜ್ ಇರಬೇಕು" ಎಂದಷ್ಟೂ ಆ ಗುಡ್ಡೆ ಬೆಳೆಯುತ್ತದೆ. ಕಲ್ಲು ಮುಗಿದ ಖಣಿಗಳನ್ನು ಹಾಗೆಯೇ ಬಿಟ್ಟು ಹೋಗಿರುವುದೂ ಉಂಟು. ಮಳೆಗಾಲದಲ್ಲಿ ಅವು ಕೆರೆಯಂತೆ ತುಂಬುತ್ತವೆ. ಆದರೆ ಕೆರೆಗಿರುವ ಇಳಿಜಾರು ಅವಕ್ಕಿಲ್ಲ. ಗೋಡೆಯಂತೆ ನೇರ ಕಡಿದ ಅಂಚು, ಇಳಿದವನಿಗೆ ಹತ್ತಲು ಹಿಡಿತ ಸಿಗುವುದಿಲ್ಲ. ಶಾಲೆ ತೆರೆದ ಮೊದಲ ವಾರ ನಾನು ಮಕ್ಕಳಿಗೆ ಪಾಠಕ್ಕಿಂತ ಮೊದಲು ಹೇಳುವ ಮಾತು, "ಖಣಿಯ ನೀರಿಗೆ ಇಳಿಯಬೇಡಿ" ಎಂದು.

ಇನ್ನು ಪಾಲಿಶ್ ಮಾಡುವ ಘಟಕಗಳು. ಕಲ್ಲನ್ನು ಕತ್ತರಿಸುವಾಗ, ಉಜ್ಜುವಾಗ ಸತತವಾಗಿ ನೀರು ಬಿಡುತ್ತಾರೆ. ಆ ನೀರು ಕಲ್ಲಿನ ಪುಡಿಯೊಂದಿಗೆ ಸೇರಿ ಹಾಲಿನಂಥ ರಾಡಿಯಾಗಿ ಹೊರಬರುತ್ತದೆ. ಅದನ್ನು ಚರಂಡಿಗೆ ಅಥವಾ ಪಕ್ಕದ ಜಾಗಕ್ಕೆ ಬಿಟ್ಟರೆ ಒಣಗಿ ಗಟ್ಟಿಯಾಗಿ ಮಣ್ಣಿನ ಬಾಯಿ ಮುಚ್ಚುತ್ತದೆ, ಮಳೆಯ ನೀರು ಕೆಳಗಿಳಿಯುವುದಿಲ್ಲ. ಬೇಸಿಗೆಯಲ್ಲಿ ಅದೇ ಪುಡಿ ಗಾಳಿಗೆ ಎದ್ದು ಅಂಗಳದ ಹಪ್ಪಳದ ಮೇಲೆ, ಒಣಹಾಕಿದ ಬಟ್ಟೆಯ ಮೇಲೆ, ಮಕ್ಕಳ ಎದೆಯೊಳಗೆ ಕೂರುತ್ತದೆ. ದಿನಕ್ಕೆ ಎರಡು ಸಲ ಅಂಗಳಕ್ಕೆ ನೀರು ಹೊಡೆಯುವುದು ಇಲ್ಲಿಯ ಎಷ್ಟೋ ಹೆಂಗಸರ ಪಾಲಿಗೆ ಅಡುಗೆಯಷ್ಟೇ ಖಾಯಂ ಕೆಲಸ.

ಇದಕ್ಕೆ ಪರಿಹಾರ ಅಂಥ ದೊಡ್ಡ ವಿದ್ಯೆಯೇನೂ ಅಲ್ಲ. ಒಂದರ ಪಕ್ಕ ಒಂದರಂತೆ ಎರಡು ಮೂರು ತೊಟ್ಟಿ ಕಟ್ಟಿದರೆ ಪುಡಿ ತಳಕ್ಕೆ ಕೂರುತ್ತದೆ, ಮೇಲಿನ ತಿಳಿನೀರು ಮತ್ತೆ ಯಂತ್ರಕ್ಕೆ ಬರುತ್ತದೆ. ಬೋರ್‌ವೆಲ್ ನೀರೂ ಉಳಿಯುತ್ತದೆ. ತಳದ ಕೆಸರನ್ನು ಇಟ್ಟಿಗೆಗೆ ಬೆರೆಸಬಹುದು, ತಗ್ಗು ತುಂಬಲು ಬಳಸಬಹುದು. ಈ ವ್ಯಾಪಾರದಲ್ಲಿ ನಮ್ಮ ಸಮುದಾಯದವರೂ ಇದ್ದಾರೆ. ಈ ಪತ್ರಿಕೆ ಓದುವ ಕೆಲವರ ಮನೆಯಲ್ಲೇ ಇದ್ದಾರು. ತೂಕದಲ್ಲಿ ಮೋಸ ಮಾಡಬಾರದು ಎಂಬುದು ನಮ್ಮ ವ್ಯಾಪಾರಿಗಳೆಲ್ಲರಿಗೂ ಗೊತ್ತು. ತಕ್ಕಡಿ ಸರಿಯಾಗಿದ್ದು ರಾಡಿ ನೆರೆಮನೆಯ ಬಾಗಿಲಿಗೆ ಹರಿಯುತ್ತಿದ್ದರೆ ಆ ಲೆಕ್ಕ ಎಲ್ಲಿ ಬರೆಯಬೇಕು? ನಿಮ್ಮ ಪತಿಯೋ ಸಹೋದರನೋ ಇಂಥ ಘಟಕ ನಡೆಸುತ್ತಿದ್ದರೆ ರಾತ್ರಿ ಊಟ ಬಡಿಸುವಾಗ ಈ ಒಂದು ಪ್ರಶ್ನೆ ಕೇಳಿ ನೋಡಿ. ಕಲ್ಲು ಕೊಳ್ಳಲು ಹೋದವರೂ ಬೆಲೆ ಕೇಳಿದ ಮೇಲೆ ಇದನ್ನು ಕೇಳಬಹುದು. ಹತ್ತು ಗಿರಾಕಿಗಳು ಕೇಳಿದರೆ ಹನ್ನೊಂದನೆಯವರು ಬರುವ ಮೊದಲು ತೊಟ್ಟಿ ಕಟ್ಟಬೇಕೆಂದು ಅಂಗಡಿಯವರಿಗೆ ಅನಿಸದೇ ಇರದು.

ಫರಸಿಯನ್ನೇ ಕೊಳ್ಳಬೇಡಿ ಎಂದು ಮಾತ್ರ ನಾನು ಹೇಳಲಾರೆ. ಟೈಲ್ಸ್ ಬಂದ ಮೇಲೆ ಈ ಕಲ್ಲಿನ ಬೇಡಿಕೆ ಕುಸಿದಿದೆ. ಖಣಿಯಲ್ಲಿ ಗಂಡಸರೊಂದಿಗೆ ಹೆಂಗಸರೂ ದುಡಿಯುತ್ತಾರೆ. ಅವರ ಒಲೆ ಉರಿಯುವುದು ನಮ್ಮ ಖರೀದಿಯಿಂದಲೇ. ಬೇಕಾದಷ್ಟನ್ನೇ ಕೊಳ್ಳಿ, ಬಣ್ಣದಲ್ಲಿ ಸ್ವಲ್ಪ ಹೆಚ್ಚುಕಡಿಮೆ ಇರುವುದನ್ನೂ ಒಪ್ಪಿಕೊಳ್ಳಿ, ಅಂಗಳಕ್ಕೆ, ಕಾಂಪೌಂಡಿಗೆ, ಬಟ್ಟೆ ಒಗೆಯುವ ಜಾಗಕ್ಕೆ ತುಂಡು ಕಲ್ಲು ಕೇಳಿ. ಗುಡ್ಡೆಯಲ್ಲಿ ಬಿದ್ದಿರುವ ಕಲ್ಲಿಗೂ ಯಾರೋ ಬೆವರು ಸುರಿಸಿದ್ದಾರೆ.

ಲಿಂಬೆಹಣ್ಣು ಮತ್ತು ಸಿಮೆಂಟ್

ಫರಸಿ ನೆಲವಿರುವವರು ಒಂದು ಪ್ರಯೋಗ ಮಾಡಬಹುದು. ಉಳಿದ ತುಂಡು ಕಲ್ಲಿನ ಮೇಲೆ, ನೆನಪಿಡಿ, ನೆಲದ ಮೇಲಲ್ಲ, ಲಿಂಬೆರಸದ ನಾಲ್ಕು ಹನಿ ಹಾಕಿ. ಸಣ್ಣ ಗುಳ್ಳೆಗಳು ಏಳುತ್ತವೆ. ಅದು ಕಲ್ಲಿನೊಳಗೆ ಬಂಧಿಯಾಗಿದ್ದ ಇಂಗಾಲದ ಡೈಆಕ್ಸೈಡ್. ಒಂಬತ್ತನೇ ತರಗತಿಯ ಹುಡುಗಿಯರಿಗೆ ಇದನ್ನು ತೋರಿಸಿದಾಗ "ಟೀಚರ್, ಕಲ್ಲು ಉಸಿರು ಬಿಡ್ತಾ ಇದೆ" ಎಂದಿದ್ದರು.

ಸಿಮೆಂಟ್ ಕಾರ್ಖಾನೆಯ ಭಟ್ಟಿಯಲ್ಲಿ ನಡೆಯುವುದೂ ಇದೇ. ಅಲ್ಲಿ ಲಿಂಬೆರಸದ ಬದಲು 1450 ಡಿಗ್ರಿಯ ಬೆಂಕಿ. ನೂರು ಕಿಲೋ ಅಪ್ಪಟ ಸುಣ್ಣದಕಲ್ಲನ್ನು ಸುಟ್ಟರೆ 56 ಕಿಲೋ ಸುಣ್ಣ ಉಳಿದು 44 ಕಿಲೋ ಅನಿಲವಾಗಿ ಹೊರಟುಹೋಗುತ್ತದೆ. ಸುಡಲು ಉರಿಸುವ ಕಲ್ಲಿದ್ದಲಿನ ಹೊಗೆ ಬೇರೆ. ಇಡೀ ಜಗತ್ತಿನಲ್ಲಿ ಮನುಷ್ಯರಿಂದ ಹೊರಬೀಳುವ ಇಂಗಾಲದ ಡೈಆಕ್ಸೈಡ್‌ನಲ್ಲಿ ಶೇಕಡಾ 7ರಿಂದ 8ರಷ್ಟು ಸಿಮೆಂಟ್ ಒಂದರಿಂದಲೇ ಬರುತ್ತದೆ.

ಈ ಉದ್ಯಮ ನಮ್ಮ ಸೀಮೆಗೆ ಹೊಸದಲ್ಲ. 1936ರಲ್ಲಿ ಹಲವು ಕಂಪನಿಗಳು ಕೂಡಿ ಎ.ಸಿ.ಸಿ. ಆದಾಗ ಅವುಗಳಲ್ಲಿ ಶಹಾಬಾದ್ ಸಿಮೆಂಟ್ ಕಂಪನಿಯೂ ಒಂದಾಗಿತ್ತು. ವಾಡಿಯ ಕಾರ್ಖಾನೆ 1968ರಲ್ಲಿ ಬಂತು. ಸೇಡಂನಲ್ಲಿ ವಾಸವದತ್ತಾ, ಮಳಖೇಡದಲ್ಲಿ ರಾಜಶ್ರೀ 1980ರ ದಶಕದವು. ಮಾಲೀಕರು ಬದಲಾದರೂ ಜನರ ಬಾಯಲ್ಲಿ ಇನ್ನೂ ಹಳೆಯ ಹೆಸರುಗಳೇ. 2010ರ ದಶಕದಲ್ಲಿ ಚಿತ್ತಾಪುರ ತಾಲೂಕಿನ ಇಟಗಾದಲ್ಲಿ, ಸೇಡಂ ತಾಲೂಕಿನ ಕೋಡ್ಲಾದಲ್ಲಿ ಇನ್ನಷ್ಟು ಕಾರ್ಖಾನೆಗಳು ಎದ್ದವು. ಚಿಂಚೋಳಿ ತಾಲೂಕಿಗೂ ಸಿಮೆಂಟ್ ಬಂತು. ಅದೇ ತಾಲೂಕಿನ ಕಾಡನ್ನು ಸರ್ಕಾರ 2011ರಲ್ಲಿ ವನ್ಯಜೀವಿಧಾಮವೆಂದು ಘೋಷಿಸಿತು, ಸುಮಾರು 134 ಚದರ ಕಿಲೋಮೀಟರ್. ಬಿಸಿಲ ನಾಡಿನಲ್ಲಿ ಹೀಗೊಂದು ಕಾಡು ಇದೆ ಎಂದರೆ ಕರಾವಳಿಯ ನಮ್ಮ ಬಂಧುಗಳು ನಂಬುವುದೇ ಇಲ್ಲ!

ಸಿಮೆಂಟ್ ಇಲ್ಲದೆ ಮನೆ ಕಟ್ಟಲಾಗದು, ನಿಜ. ಆದರೆ ಚೀಲದ ಮೇಲೆ ಏನು ಬರೆದಿದೆ ಎಂದು ಓದುವವರು ಎಷ್ಟು ಮಂದಿ? ಒ.ಪಿ.ಸಿ. ಎಂದಿದ್ದರೆ ಬಹುತೇಕ ಪೂರ್ತಿ ಸುಟ್ಟ ಕಲ್ಲು. ಪಿ.ಪಿ.ಸಿ. ಎಂದಿದ್ದರೆ ಅದರಲ್ಲಿ ಶೇಕಡಾ 15ರಿಂದ 35ರವರೆಗೆ ಹಾರುಬೂದಿ ಇರುತ್ತದೆ. ರಾಯಚೂರಿನ ಶಕ್ತಿನಗರದಂಥ ವಿದ್ಯುತ್ ಸ್ಥಾವರಗಳಲ್ಲಿ ಕಲ್ಲಿದ್ದಲು ಉರಿದ ಮೇಲೆ ಉಳಿಯುವ ಬೂದಿ ಅದು. ಪಿ.ಎಸ್.ಸಿ.ಯಲ್ಲಿ ಉಕ್ಕಿನ ಕಾರ್ಖಾನೆಯ ಕಿಟ್ಟ ಸೇರಿರುತ್ತದೆ. ಸಾವಿರ ಚದರಡಿಯ ಮನೆಗೆ ಸುಮಾರು 400 ಚೀಲ ಬೇಕೆಂದು ಮಿಸ್ತ್ರಿಗಳು ಲೆಕ್ಕ ಹೇಳುತ್ತಾರೆ. ಅಂದರೆ 20 ಟನ್. ಶೇಕಡಾ 30ರಷ್ಟು ಬೂದಿ ಇರುವ ಚೀಲ ಆರಿಸಿದರೆ ಸುಮಾರು 6 ಟನ್ ಸುಟ್ಟ ಕಲ್ಲು ಉಳಿಯಿತು. ಅಷ್ಟನ್ನು ತಯಾರಿಸಲು ಭೂಮಿಯಿಂದ ತೆಗೆಯಬೇಕಿದ್ದ ಹಸಿ ಕಲ್ಲು 9 ಟನ್, ಒಂದು ಲಾರಿ ಲೋಡು! ಇದಕ್ಕಾಗಿ ನೀವು ಮಾಡಬೇಕಾದದ್ದು ಅಂಗಡಿಯಲ್ಲಿ ಮೂರಕ್ಷರ ಕೇಳುವುದು ಮಾತ್ರ. ಬೆಲೆಯೂ ಸಾಮಾನ್ಯವಾಗಿ ಒ.ಪಿ.ಸಿ.ಗಿಂತ ಕಡಿಮೆಯೇ.

ಒಂದು ಎಚ್ಚರಿಕೆ ಉಂಟು, ಅದು ನಮ್ಮ ಹೆಂಗಸರಿಗೇ ಸೇರಿದ್ದು. ಕಟ್ಟಿದ ಗೋಡೆಗೆ, ಹಾಕಿದ ಸ್ಲ್ಯಾಬಿಗೆ ಬೆಳಿಗ್ಗೆ ಸಂಜೆ ನೀರು ಹಾಕುವವರು ಬಹುತೇಕ ಮನೆಗಳಲ್ಲಿ ನಾವೇ ತಾನೇ? ಬೂದಿ ಬೆರೆತ ಸಿಮೆಂಟ್ ನಿಧಾನವಾಗಿ ಗಟ್ಟಿಯಾಗುತ್ತದೆ. ಕಾಂಕ್ರೀಟಿಗೆ ಸಾಮಾನ್ಯವಾಗಿ ಕನಿಷ್ಠ 10 ದಿನ, ನಮ್ಮಂಥ ಒಣ ಬಿಸಿಲಿನ ಊರುಗಳಲ್ಲಿ 14 ದಿನ ತೇವ ಆರದಂತೆ ನೋಡಿಕೊಳ್ಳಬೇಕು. ಪೈಪು ಹಿಡಿದು ನೀರು ಸುರಿಯುವ ಬದಲು ಗೋಣಿಚೀಲ ಹೊದಿಸಿ ಅದನ್ನು ನೆನೆಸಿದರೆ ನೀರೂ ಉಳಿಯುತ್ತದೆ. ಚೀಲದ ಮೇಲೆ ತಯಾರಾದ ವಾರ, ವರ್ಷ ಮುದ್ರಿಸಿರುತ್ತಾರೆ. ಮೂರು ತಿಂಗಳು ದಾಟಿದ್ದನ್ನು ಮನೆಗೆ ಇಳಿಸಿಕೊಳ್ಳಬೇಡಿ.

ಇಷ್ಟೆಲ್ಲ ಲೆಕ್ಕಕ್ಕಿಂತ ದೊಡ್ಡ ಲೆಕ್ಕ ಕಟ್ಟಡದ ನಕ್ಷೆಯಲ್ಲೇ ಇದೆ. ವುಝೂ ಮಾಡುವಾಗ ನಲ್ಲಿಯನ್ನು ಪೂರ್ತಿ ತಿರುಗಿಸಬೇಡಿ, ಅದು ಇಸ್ರಾಫ್ ಎಂದು ಮಕ್ಕಳಿಗೆ ಕಲಿಸುವ ನಾವು, ವರ್ಷಕ್ಕೆ ಎರಡು ಸಲ ಬೀಗ ತೆಗೆಯುವ ಮೇಲಂತಸ್ತನ್ನು ಯಾಕೆ ಕಟ್ಟಿಸುತ್ತೇವೆ? ಗಲ್ಫಿನ ದುಡಿಮೆಯಲ್ಲಿ ಎದ್ದ ಎಷ್ಟೋ ದೊಡ್ಡ ಮನೆಗಳಲ್ಲಿ ಇಂದು ವಯಸ್ಸಾದ ಇಬ್ಬರೇ ಇದ್ದಾರೆ. ಇದನ್ನು ಬರೆಯುವಾಗ ನನಗೂ ಸಂಕೋಚವಾಗುತ್ತಿದೆ, ನಮ್ಮ ಮನೆಯಲ್ಲೂ ಅಂಥದ್ದೊಂದು ಖಾಲಿ ಕೋಣೆ ಇದೆ.

ಮೇಲೆ ತೊಗರಿ, ಕೆಳಗೆ ಕಲ್ಲು

ನಮ್ಮ ಹೊಲಗಳಲ್ಲಿ ಕಪ್ಪು ಮಣ್ಣಿನ ಮೇಲೆ ತೊಗರಿ ಬೆಳೆಯುತ್ತದೆ. ಅದೇ ಮಣ್ಣಿನ ಅಡಿಯಲ್ಲಿ ಕಲ್ಲು ಇದೆ. ಕಲ್ಲು ಬೇಕಾದರೆ ಮೊದಲು ಮಣ್ಣನ್ನು ಕೆರೆದು ಬದಿಗೆ ಹಾಕಬೇಕು. ಒಮ್ಮೆ ಕೆರೆದ ಮಣ್ಣು ಕಲ್ಲಿನ ಚೂರಿನೊಂದಿಗೆ ಬೆರೆತುಹೋದರೆ ಆ ಹೊಲದಲ್ಲಿ ಮತ್ತೆ ತೊಗರಿ ಬಿತ್ತುವುದು ಕನಸಿನ ಮಾತು. ಮಳೆ ಕೈಕೊಟ್ಟ ವರ್ಷ, ತೊಗರಿಗೆ ಬೆಲೆ ಬೀಳುವ ವರ್ಷ, ರೈತನ ಮನೆಯಲ್ಲಿ ಹೊಲವನ್ನು ಖಣಿಗೆ ಕೊಟ್ಟುಬಿಡೋಣವೇ ಎಂಬ ಮಾತು ಏಳುತ್ತದೆ.

ಕಲಬುರಗಿ ತೊಗರಿ ಬೇಳೆಗೆ 2019ರಲ್ಲಿ ಭೌಗೋಳಿಕ ಸೂಚ್ಯಂಕದ ಮಾನ್ಯತೆ, ಅಂದರೆ ಜಿ.ಐ. ಟ್ಯಾಗ್ ದೊರೆಯಿತು. ಈ ಹೆಸರು ಹೊತ್ತ ಬೇಳೆಯನ್ನು ಕೇಳಿ ಕೊಂಡರೆ ಹೊಲ ಹೊಲವಾಗಿಯೇ ಉಳಿಯಲು ನೀವೂ ಒಂದು ಕೈ ಹಿಡಿದಂತೆ. ತುಂಬ ಮಿರುಗುವ, ಪಾಲಿಶ್ ಮಾಡಿದ ಬೇಳೆಯ ಹಿಂದೆ ಹೋಗಬೇಡಿ. ಬೇಳೆ ಕುದಿಯುವ ನೀರಿನಲ್ಲಿ ಆ ಹೊಳಪು ಹೇಗೂ ಉಳಿಯುವುದಿಲ್ಲ.

ಆಪಾರ ಮನೆಯ ಫರಸಿಗೆ ಹೊಸ ಪಾಲಿಶ್ ಆದ ಮೇಲೆ ಬಂದ ಒಂದೇ ತಕರಾರು ಸ್ನಾನದ ಮನೆಯ ಬಳಿಯ ಬಿಳಿ ಕಲೆ. ವಿಚಾರಿಸಿದರೆ ಟಾಯ್ಲೆಟ್ ತೊಳೆಯುವ ಆಸಿಡ್ ಅಲ್ಲಿ ಚೆಲ್ಲಿತ್ತಂತೆ. ಲಿಂಬೆರಸಕ್ಕೆ ಗುಳ್ಳೆ ಏಳುವ ಕಲ್ಲು ಆಸಿಡ್‌ಗೆ ಸುಮ್ಮನಿದ್ದೀತೇ? ಹುಣಸೆರಸ, ವಿನೆಗರ್ ಚೆಲ್ಲಿದರೂ ಕೂಡಲೇ ಒರೆಸಿಬಿಡಿ. ಬಿಸಿನೀರಿಗೆ ಸ್ವಲ್ಪ ಸೋಪು ಹಾಕಿ ಒರೆಸಿದರೆ ಫರಸಿಗೆ ಅಷ್ಟೇ ಸಾಕು. ಮುಂದೆ ಎಂದಾದರೂ ಮನೆ ಕೆಡವುವ ಪ್ರಸಂಗ ಬಂದರೆ ಜೆ.ಸಿ.ಬಿ. ಕರೆಸುವ ಮೊದಲು ಒಂದು ದಿನ ಮಿಸ್ತ್ರಿಯನ್ನು ಕರೆಸಿ. ಹಾರೆಯಿಂದ ಎಬ್ಬಿಸಿದ ಕಲ್ಲುಗಳನ್ನು ನೆರಳಲ್ಲಿ ಅಂಚಿನ ಮೇಲೆ ನಿಲ್ಲಿಸಿಡಬೇಕು. ಒಂದರ ಮೇಲೊಂದು ಮಲಗಿಸಿದರೆ ಕೆಳಗಿನವು ಭಾರಕ್ಕೆ ಸೀಳುತ್ತವೆ. ನಿಮಗೆ ಬೇಡವಾದರೆ ಅಕ್ಕಪಕ್ಕದಲ್ಲಿ ಮನೆ ಕಟ್ಟುತ್ತಿರುವವರಿಗೆ ಒಂದು ಮಾತು ಹೇಳಿ, ಮರುದಿನವೇ ಗಾಡಿ ತರುತ್ತಾರೆ.